ಹಸಿರು ಬಲೆಯ ಆಚೆಯಿಂದ

ಪುಣೆಯ ಕೋಥರೂಡದ ನಮ್ಮ ಸಣ್ಣ ಮನೆಯ ಹೊರಗೋಡೆ ಎರಡು ಮಳೆಗಾಲ ಸೋರಿದ ಮೇಲೆ, ಅದನ್ನು ಕೆರೆಸಿ ಬಣ್ಣ ಹಚ್ಚಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಗಲ್ಲಿಯಲ್ಲೇ ಕೆಲವು ಮನೆಗಳ ಗೋಡೆ ಕೆಲಸ ಮಾಡಿದ್ದ ಕಂಟ್ರಾಕ್ಟರನನ್ನು ಗೊತ್ತುಮಾಡಿದೆ. ಆತ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಡಾಕ್ಟರು ಮಗುವಿನ ಎದೆ ನೋಡುವ ಹಾಗೆ ಕಿವಿಗೊಟ್ಟು ಕೇಳಿದ.

ಎದುರಿನವರ ಭಾಷೆಯಲ್ಲೇ ಮೃದುವಾಗಿ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಹಾಗಾಗಿ ಆತನೊಡನೆ ನನ್ನ ಶುದ್ಧ ಮರಾಠಿ. ಆತನದು ‘ಹೋ ತಾಈ’, ‘ನಾಹೀ ತಾಈ’, ಹೌದಕ್ಕ, ಇಲ್ಲಕ್ಕ, ಅಷ್ಟೇ. ಮಾತು ಕಡಿಮೆಯ ಮನುಷ್ಯ ಎಂದುಕೊಂಡೆ.

ನನ್ನ ಚಿಂತೆಯೆಲ್ಲ ಅತ್ತೆಯವರದಾಗಿತ್ತು. ಹಿಂದಿನ ವರ್ಷ ಧಾರವಾಡದಿಂದ ನಮ್ಮಲ್ಲಿಗೆ ಬಂದ ಅವರಿಗೆ ಮರಾಠಿ ಬಾರದು. ಹಗಲೆಲ್ಲ ಮಾತಿಗೆ ನಾನೊಬ್ಬಳೇ, ನೋಡಲಿಕ್ಕೆ ಬಾಲ್ಕನಿಯ ಕೆಳಗಿನ ರಸ್ತೆ. ಕೆಲಸಕ್ಕೆಂದು ಗೋಡೆಗೆ ಬಿದಿರು ಕಟ್ಟಿ, ಧೂಳು ಹಾರದಂತೆ ಹಸಿರು ಬಲೆ ಇಳಿಬಿಟ್ಟಾಗ ರಸ್ತೆಯೂ ಮುಚ್ಚಿಹೋಯಿತು.

“ಇಲ್ಲಿ ಪಂಜರದಾಗ ಕುಂತಂಗ ಆಗೇದ. ಧಾರವಾಡಕ್ಕ ನನ್ನ ಮಗಳ ಮನಿಗೆ ಬಿಟ್ಟು ಬರ್ರಿ,” ಎಂದರು.

ಭಾನುವಾರ ಕಾರಿನಲ್ಲಿ ಬಿಟ್ಟುಬರುವುದೆಂದು ನನ್ನವರು ಒಪ್ಪಿದರು. ಹೋದರೆ ಅವರು ಮರಳುವುದಿಲ್ಲವೆಂದು ನನಗನಿಸಿತ್ತು. ಮಧ್ಯಾಹ್ನ ಇಬ್ಬರೂ ಮೆಂತ್ಯೆ ಪಲ್ಲೆ ಸೋಸುತ್ತ ಕೂರುವ ಆ ಹೊತ್ತು ನನಗೆಷ್ಟು ಬೇಕಿತ್ತು! ಇರಿ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅವರ ಸೀರೆಗಳನ್ನು ಮಡಿಚಿ ಬ್ಯಾಗಿಗೆ ಇಟ್ಟುಕೊಟ್ಟೆ.

ಶುಕ್ರವಾರ ಕಂಟ್ರಾಕ್ಟರನೇ ಬಿದಿರು ಹತ್ತಿ ಬಾಲ್ಕನಿಯ ಪಕ್ಕದ ಗೋಡೆ ಕೆರೆಯುತ್ತಿದ್ದ. ಅತ್ತೆಯವರು ಬಲೆಯೊಳಗಿಂದ ನೋಡಿ ನೋಡಿ ನನ್ನನ್ನು ಕರೆದರು.

“ಏನವಾ, ಇಂವಾ ಗ್ವಾಡಿ ಕೆರಿಯಾಕತ್ತಾನೋ, ತಲಿ ತುರಿಸ್ಕೊಳ್ಳಾಕತ್ತಾನೋ?”

“ಗ್ವಾಡಿನ ರೀ, ಅಮ್ಮಾರ,” ಬಲೆಯ ಆಚೆಯಿಂದ ಉತ್ತರ ಬಂತು. “ತಲಿಗೆ ಇನ್ನೂ ಪುರಸೊತ್ತ ಆಗಿಲ್ಲ.”

ಅತ್ತೆ ಕುರ್ಚಿಯಲ್ಲೇ ನೆಟ್ಟಗೆ ಕೂತರು. “ಯಾವ ಊರಪ್ಪಾ ನಿಂದು?”

“ವಿಜಾಪುರ ಕಡೆ ರೀ.”

“ಇಷ್ಟು ದಿನ ಯಾಕ ಹೇಳಲಿಲ್ಲ?” ಎಂದೆ ನಾನು.

“ನೀವು ಭಾಳ ಚಂದ ಮರಾಠಿ ಮಾತಾಡ್ತಿದ್ರಿ. ನಡುವ ಹೆಂಗ ಬಾಯಿ ಹಾಕೂದ್ರಿ?”

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಕಿಟಕಿಯ ಮೂಲೆ ಬಿಟ್ಟಿದ್ದೀ ಎಂದರು, ಮಕ್ಕಳೆಷ್ಟು ಎಂದು ಕೇಳಿದರು. ಆತ ಕೆರೆಯುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟ. ಆತ ಚಹಾಕ್ಕೆ ಬಿದಿರಿನಿಂದ ಇಳಿದಾಗ ಅತ್ತೆ ತಾವು ಊರಿಗೆ ಹೋಗುವ ಸುದ್ದಿ ಹೇಳಿದರು.

“ಮಾತಿಗೆ ಜನಾ ಇಲ್ಲಂತ ಹೊಂಟೀರೇನ್ರಿ? ಈ ಗಲ್ಲಿ ತುದಿಗೆ ಹಳದಿ ಮನಿ ಅದ ಅಲ್ರಿ, ಅಲ್ಲೊಬ್ಬ ಅಮ್ಮಾರು ಅದಾರ. ನಿಮ್ಮ ಧಾರವಾಡದವರ. ಅವರ ಗ್ವಾಡಿನೂ ನಾನ ಮಾಡೀನಿ. ಬಲೆ ಕಟ್ಟಿದಾಗ ಅವರೂ ಹಿಂಗ ಬೈತಿದ್ರು.”

ಆ ಹಳದಿ ಮನೆಯವರಿಗೆ ನಾನು ವರ್ಷಗಟ್ಟಲೆ ಮರಾಠಿಯಲ್ಲೇ ನಮಸ್ಕಾರ ಹೇಳುತ್ತ ಬಂದಿದ್ದೆ. ಅವರೂ ನನಗೆ ಮರಾಠಿಯಲ್ಲೇ.

ಭಾನುವಾರ ಬೆಳಿಗ್ಗೆ ನನ್ನವರು ಕಾರಿನ ಕೀಲಿ ಹಿಡಿದು ನಿಂತಿದ್ದರು. ಅತ್ತೆಯವರು ಬ್ಯಾಗು ಬಿಚ್ಚಿ ಇಳಕಲ್ ಸೀರೆ ತೆಗೆದು ಉಟ್ಟು ಹೊರಗೆ ಬಂದರು.

“ಕಾರ ಬ್ಯಾಡೋ. ನಡಕೋತ ಹೋಗ್ತೀವಿ,” ಎಂದು ನನ್ನ ಕೈ ಹಿಡಿದರು. “ಆ ಹಳದಿ ಮನಿ ಗ್ವಾಡಿ ಹೆಂಗ ಮಾಡ್ಯಾನ ನೋಡಬೇಕಲ್ಲ.”

ನಮ್ಮ ಗೋಡೆ ಈಗ ಸೋರುವುದಿಲ್ಲ. ಆದರೂ ಆ ಕಂಟ್ರಾಕ್ಟರನನ್ನು ನೆನೆಯುವುದು ನಾನು ಮಧ್ಯಾಹ್ನಗಳಲ್ಲಿ. ಈಗ ಪಲ್ಲೆ ಸೋಸಲು ನಾವು ಮೂವರು ಕೂರುತ್ತೇವೆ.