ಜೋಳದ ದಂಟು ಮತ್ತು ಅತ್ತೆಯ ಮಣಿಕಟ್ಟು

ಅಂದು ರೋಣದ ನಮ್ಮ ಸೋದರತ್ತೆಯ ಪಡಸಾಲೆಯಲ್ಲಿ ಇದ್ದವರು ಮೂರೇ ಜನ: ಕಂಬಕ್ಕೆ ಒರಗಿ ಕುಳಿತ ಅತ್ತೆ, ರಾಜೂರಿನಿಂದ ಬಂದ ಎಲುಬು ಕಟ್ಟುವ ಅಜ್ಜ, ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದ ನಾನು. ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ಬಿಳಿಜೋಳ ಇನ್ನೂ ಹೊಲದಲ್ಲಿ ಹಸಿರಾಗಿದ್ದ ಚಳಿಗಾಲ. ಅಜ್ಜನದು ಗಾದಿ ಹೊಲಿಯುವ ಮುಸಲ್ಮಾನ ಮನೆತನ. ಎಲುಬು ಕಟ್ಟುವುದನ್ನು ಪುಣ್ಯದ ಕೆಲಸವೆಂದು ಮಾಡುತ್ತಿದ್ದರು.

ಅತ್ತೆ ಬಚ್ಚಲ ಮುಂದೆ ಜಾರಿ, ಬಲಗೈ ಊರಿ ಬಿದ್ದು ಎರಡು ದಿನವಾಗಿತ್ತು. ದವಾಖಾನೆಗೆ ನಡಿ ಎಂದರೆ ಬೆರಳು ಆಡಿಸಿ ತೋರಿಸುವಳು. ಬೆರಳು ಆಡಿದರೆ ಎಲುಬು ಮುರಿದಿಲ್ಲ ಎಂಬುದು ನಮ್ಮ ಕಡೆ ಬಹಳ ಮಂದಿಯ ನಂಬಿಕೆ. ಬಾವಿನ ಮೇಲೆ ಅರಿಷಿಣ, ಸುಣ್ಣ ಮೆತ್ತಿಕೊಂಡು ಕುಳಿತಿದ್ದಳು. ಗಂಡನಿಲ್ಲದ ಅವಳ ಮನೆ ನಡೆಯುತ್ತಿದ್ದುದೇ ಖಾನಾವಳಿಗೆ ಬಡಿದುಕೊಡುವ ರೊಟ್ಟಿಯಿಂದ.

ಅಜ್ಜ ಲೇಪ ತೊಳೆದು, ಕಣ್ಣು ಮುಚ್ಚಿ, ಮಣಿಕಟ್ಟಿನ ಸುತ್ತ ಬೆರಳಾಡಿಸಿದರು. ಕೈ ಸೌಟಿನಂತೆ ಡೊಂಕಾಗಿತ್ತು.

"ಮುರದೈತಿ, ತಂಗಿ."

"ಬೆರಳ ಆಡ್ತಾವಲ್ರಿ ಕಾಕಾ. ಮುರದಿದ್ರ ಆಡ್ತಿದ್ವೇನ್ರಿ?"

"ಬೆರಳ ಎಳಿಯೂ ಹುರಿ ಬ್ಯಾರೆ, ಎಲುಬ ಬ್ಯಾರೆ. ಹುರಿ ಹರದಿಲ್ಲ, ಅದಕ ಆಡ್ತಾವು."

ನಾನು ಸುಮ್ಮನಿರಲಾರದೆ ಕೇಳಿದೆ: "ಅಜ್ಜಾರ, ನನ್ನ ಮಗಳು ಮಾಳಿಗಿ ಮೆಟ್ಟಲಿಂದ ಬಿದ್ರೂ ಎಲುಬ ಬರೇ ಬಾಗಿತ್ರಿ. ಅತ್ತಿ ನಿಂತಲ್ಲೇ ಜಾರಿದ್ದಕ್ಕ ಹ್ಯಾಂಗ ಮುರೀತು?"

ಅಜ್ಜ ಎದ್ದು ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯ ಮುಂದಿನ ಮೇವಿನಿಂದ ಮೂರು ಜೋಳದ ದಂಟು ಆರಿಸಿ ತಂದರು. ಹಸಿಯದನ್ನು ಬಾಗಿಸಿದರು. ಒಂದು ಮಗ್ಗುಲು ಸೀಳಿತು, ಇನ್ನೊಂದು ಹಿಡಿದುಕೊಂಡೇ ಇತ್ತು. "ಇದು ಹುಡುಗೂರ ಎಲುಬ." ಒಣಗಿದ್ದು ಲಟಕ್ಕನೆ ಎರಡಾಯಿತು. "ಇದು ನಿನ್ನಂಥಾ ದುಡಿಯೂ ವಯಸ್ಸಿನವರದು. ಬಾಗಿಸಿದ್ರ ಅಡ್ಡ ಮುರೀತೈತಿ, ತಿರುವಿದ್ರ ಓರಿ ಸೀಳತೈತಿ." ಮೂರನೆಯದು ಹೋದ ವರ್ಷದ ಕಣಿಕೆ, ಹುಳ ತಿಂದು ಒಳಗೆ ಪೊಳ್ಳಾದದ್ದು. ಅದನ್ನು ನೆಲಕ್ಕೆ ಊರಿ ಒತ್ತಿದರು. ತುಂಡಾಗಲಿಲ್ಲ, ಒಂದರೊಳಗೊಂದು ಹೊಕ್ಕು ಗಿಡ್ಡವಾಯಿತು.

"ಅಂದ್ರ ನಾ ಹುಳ ತಿಂದ ದಂಟ ಆದೆನ್ರಿ?" ಅಂದಳು ಅತ್ತೆ.

"ಹುಳ ಅಲ್ಲವಾ, ವಯಸ್ಸು. ನಂದೂ ಹಂಗ ಐತಿ. ಇನ್ನೂ ಬಿದ್ದಿಲ್ಲ, ಅಷ್ಟ."

"ಹಂಗಾರ ಕಟ್ರಿ ಮತ್ತ."

"ಕಟ್ಟೂದಿಲ್ಲ. ತುದಿ ಒಳಗ ಹೊಕ್ಕೈತಿ. ಹಿಂಗ ಕಟ್ಟಿದ್ರ ಡೊಂಕ ಕೂಡತೈತಿ, ಆಮ್ಯಾಲ ಅಂಗೈ ತಿರುಗೂದಿಲ್ಲ. ರೊಟ್ಟಿ ಹ್ಯಾಂಗ ಬಡೀತಿ? ಗದಗಿಗೆ ಹೋಗಿ ಎಲುಬಿನ ಫೋಟೋ ತಗಸ್ರಿ, ಲಗೂ."

ಅತ್ತೆ ಹೂಂ ಎಂದು ಕೈ ಮುಂದೆ ಮಾಡಿದಳು. ಅಜ್ಜ ದಾರಿಯ ಮಟ್ಟಿಗೆಂದು ಎರಡು ಬಿದಿರಿನ ಪಟ್ಟಿ ಇಟ್ಟು, ಹತ್ತಿ ಸುತ್ತಿ, ಸಡಿಲವಾಗಿ ಬಟ್ಟೆ ಕಟ್ಟಿದರು.

ಮರುದಿನ ಗದಗಿನ ಡಾಕ್ಟರು ಎಲುಬನ್ನು ಎಳೆದು ಕೂಡಿಸಿ ಪ್ಲಾಸ್ಟರ್ ಹಾಕಿದರು. ಆರು ವಾರದ ಮೇಲೆ ಬಿಚ್ಚಿದಾಗ ಮಣಿಕಟ್ಟು ನೆಟ್ಟಗಿತ್ತು. ಮೊದಲಿನಷ್ಟು ಮಾತ್ರ ತಿರುಗಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಅತ್ತೆ ಬಲಗೈಯಿಂದ ಬಡಿಯುತ್ತ, ಎಡಗೈಯಿಂದ ರೊಟ್ಟಿ ತಿರುಗಿಸುವುದನ್ನು ಕಲಿತಳು. ಖಾನಾವಳಿಗೆ ಮತ್ತೆ ರೊಟ್ಟಿ ಹೋಗತೊಡಗಿದವು.