ಅಜ್ಜ ನಾದಿದ ಹಿಟ್ಟು

ಗಂಗಾವತಿಯ ನಮ್ಮ ಬೇಕರಿ ಮುಂದೆ ಒಬ್ಬ ಹೆಣ್ಣುಮಗಳು ಬ್ರೆಡ್ ಮುರಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟರು. ಹುಳಿ ವಾಸನೆಗೆ ಬೈಯುತ್ತಾರೇನೋ ಎಂದು ನನಗೆ ಗಾಬರಿ. ಆನೆಗೊಂದಿ ನೋಡಲು ಬಂದಿದ್ದ ಅವರು ಮೈಸೂರಿನಲ್ಲಿ ಬ್ರೆಡ್ ಮಾಡುವುದನ್ನು ಕಲಿಸುತ್ತಾರಂತೆ.

"ಇದು ಸೋರ್‌ಡೋ! ಹುಳಿ ಹಿಟ್ಟಿನ ಈ ಬ್ರೆಡ್ಡಿಗೆ ನಮ್ಮಲ್ಲಿ ಜನ ಮುಗಿಬೀಳ್ತಾರೆ. ಯಾವ ಈಸ್ಟ್ ಹಾಕ್ತೀರಾ?"

ನನ್ನ ತಂದೆ, ಅಬ್ಬಾ, ಗಡ್ಡ ನೇವರಿಸಿಕೊಂಡರು. "ಪುಡಿಗಿಡಿ ಏನಿಲ್ರೀ. ದಿನಾ ಒಂದು ಉಂಡಿ ಹಿಟ್ಟು ಉಳಿಸಿ, ಮರುದಿನದ ಹಿಟ್ಟಿಗೆ ಕೂಡಸ್ತೀವಿ. ನಮ್ಮಜ್ಜ ನಾದಿದ್ದು ಇನ್ನಾ ಮುಗದಿಲ್ಲ ನೋಡ್ರಿ."

ಆ ಉಂಡೆ ಬಿಸಾಕಿ ಪ್ಯಾಕೆಟ್ ಈಸ್ಟ್ ತರೋಣ ಎಂದು ವರ್ಷಗಟ್ಟಲೆ ಜಗಳ ತೆಗೆದವನು ನಾನೇ. ಮರುದಿನ ಹಿಟ್ಟು ನಾದಿದ ಮೇಲೆ, ಅಬ್ಬಾ ಕೈ ಹಾಕುವ ಮೊದಲೇ ನಾನು ಒಂದು ಉಂಡೆ ತೆಗೆದಿಟ್ಟೆ.