ಕೊನೆಯ ಹೆಸರಿನ ಕೆಳಗಿನ ಜಾಗ

ಹುತಾತ್ಮರ ಸ್ಮಾರಕದ ಕಲ್ಲಿನಲ್ಲಿ ಕೊನೆಯ ಹೆಸರಿನ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿಯಿದೆ. ಪ್ರತಿ ವರ್ಷ ಅಜ್ಜಿ ಅಲ್ಲಿಗೆ ಒದ್ದೆ ಅರಿಸಿನ ಹಚ್ಚಿ ಒಂದು ಕನಕಾಂಬರ ಅಂಟಿಸುತ್ತಾಳೆ. ನಾವು ಹೊರಡುವುದರೊಳಗೆ ಅದು ಬಿದ್ದಿರುತ್ತದೆ.

ರಾಜರ ಕಾಲದಲ್ಲಿ, ಜನರದೇ ಸರ್ಕಾರ ಬೇಕೆಂದು ಬಾವುಟ ಹಿಡಿದು ನಮ್ಮ ಗೌರಿಬಿದನೂರು ಸೀಮೆಯಲ್ಲಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಜ್ಜಿಯ ತಾಯಿಗೆ ಸೊಂಟದ ಹತ್ತಿರ ಗುಂಡು ತಗುಲಿತು. ಗಾಡಿಯಲ್ಲಿ ಹುಲ್ಲಿನಡಿ ಮಲಗಿಸಿ ನಗರಗೆರೆ ಕಡೆಯ ಮನೆಗೆ ತಂದರು. ನಾಲ್ಕನೆಯ ದಿನ ತೀರಿಕೊಂಡಳು. ಅಜ್ಜಿಗೆ ಆಗ ಮೂರು ವರ್ಷ. ಇದೆಲ್ಲ ಅವಳು ಹಿರಿಯರಿಂದ ಕೇಳಿ ತಿಳಿದದ್ದು.

ಕಣ್ಣು ಮುಚ್ಚುವ ಮೊದಲು ಆ ಕಲ್ಲಿನಲ್ಲಿ ತಾಯಿಯ ಹೆಸರು ನೋಡಬೇಕೆಂಬುದು ಅವಳ ಆಸೆ. ಮನೆಯಲ್ಲಿ ನಾನೇ ಹೆಚ್ಚು ಓದಿದವಳೆಂದು, ಹೆಸರು ಸೇರಿಸಲು ಕೋರಿ ಸರ್ಕಾರಕ್ಕೆ ಅರ್ಜಿಯನ್ನು ನನ್ನಿಂದಲೇ ಬರೆಸಿದ್ದಳು.

ಸ್ಮಾರಕದೆದುರು ನಡೆದ ಈ ವರ್ಷದ ನೆನಪಿನ ಸಭೆಯಲ್ಲಿ ಅಜ್ಜಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು. ಬ್ಯಾಡ್ಜ್ ಹಾಕಿಕೊಂಡಿದ್ದ ಕಾರ್ಯಕರ್ತನೊಬ್ಬ ಬಂದ.

"ಇದು ಹುತಾತ್ಮರ ಮನೆಯವ್ರಿಗೆ ಅಜ್ಜಿ. ಹಿಂದಕ್ಕೆ ಬನ್ನಿ."

"ನಾನೂ ಅವ್ರೇ ಕಣಪ್ಪ."

"ಹೆಸ್ರು ಕಲ್ಲಲ್ಲಿದ್ಯಾ? ವರ್ಷಕ್ಕೊಬ್ರು ಹೊಸಬ್ರು ಬರ್ತಾರಪ್ಪ!"

"ಹೊಸಬ ನೀನು. ನಿಮ್ಮಪ್ಪ ಇಲ್ಲಿ ಜಮಖಾನ ಹಾಸ್ತಿದ್ದಾಗಿಂದ ಬರ್ತಿದೀನಿ."

ಸುತ್ತಲಿನವರು ನಕ್ಕರು. ಅವನೂ ನಕ್ಕ, ಆದರೆ ಕುರ್ಚಿಯ ಬೆನ್ನನ್ನು ಬಿಡಲಿಲ್ಲ. ಅಜ್ಜಿ ನನ್ನತ್ತ ತಿರುಗಿದಳು. "ನೀನು ಹೇಳಮ್ಮ. ಅರ್ಜಿ ಹಾಕಿದೀವಿ ಅಂತ ಹೇಳು."

ನಾನು ಹೇಳಲಿಲ್ಲ. ಅರ್ಜಿಗೆ ಉತ್ತರ ಬಂದು ಹದಿನೈದು ದಿನವಾಗಿತ್ತು. ಅದು ನನ್ನ ಬ್ಯಾಗಿನಲ್ಲೇ ಇತ್ತು. ದಾಖಲೆ ಇಲ್ಲದೆ ಹೆಸರು ಸೇರಿಸಲಾಗದು ಎಂದಿತ್ತು. ಜೊತೆಗೆ ಊರಿನ ಹಳೆಯ ಮರಣ ಪುಸ್ತಕದ ಒಂದು ಪುಟದ ಪ್ರತಿ: ಸಾವಿನ ಕಾರಣ, ಜ್ವರ. ಗುಂಡೇಟೆಂದು ಗೊತ್ತಾದರೆ ಪೊಲೀಸರು ಮನೆಯವರನ್ನೆಲ್ಲ ಹಿಡಿದೊಯ್ಯುತ್ತಾರೆಂದು ಹೆದರಿ ಅಜ್ಜಿಯ ಅಪ್ಪ ಹಾಗೆ ಬರೆಸಿರಬೇಕು. ಕೆಳಗೆ ಅವನ ಹೆಬ್ಬೆಟ್ಟಿನ ಗುರುತು. ಅದು ಸುಳ್ಳೆನ್ನಲು ಅಜ್ಜಿಯ ಮಾತೊಂದನ್ನು ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ.

ಅವಳ ತೋಳು ಹಿಡಿದು ಹಿಂದಿನ ಸಾಲಿಗೆ ಕರೆದುಕೊಂಡು ಹೋದೆ.

ಮರುದಿನ ಬೆಳಿಗ್ಗೆ, ಕುಡುಮಲಕುಂಟೆಯ ಫ್ಯಾಕ್ಟರಿಗೆ ಕೆಲಸಕ್ಕೆ ಹೊರಡುವ ಮೊದಲು, ಅವಳ ಪಕ್ಕ ಕುಳಿತು ಪತ್ರವನ್ನೂ ಆ ಪುಟವನ್ನೂ ಪೂರ್ತಿ ಓದಿದೆ. 'ಜ್ವರ' ಎಂಬಲ್ಲಿಯೂ ನಿಲ್ಲಿಸಲಿಲ್ಲ. ಅಪ್ಪನ ಹೆಬ್ಬೆಟ್ಟು ಎಲ್ಲಿದೆ ಎಂದಷ್ಟೇ ಅಜ್ಜಿ ಕೇಳಿದಳು. ಅವಳ ಬೆರಳು ಹಿಡಿದು ಅದರ ಮೇಲೆ ಇಟ್ಟೆ.